ಅಜ್ಜಿ_ಫೈನಲ್_ಫೈನಲ್2

ಬಹಳ ದಿನ ಆಯ್ತು ಈ ಕಡೆ ತಲೆ ಹಾಕದೆ. ಬರೆಯೋದಕ್ಕೆ ಏನೂ ಇರಲಿಲ್ಲ ಅಂತಲ್ಲ, ಇದ್ದದ್ದನ್ನ ಬರೆಯೋದಕ್ಕೆ ನಾಚಿಕೆ ಆಗ್ತಿತ್ತು. ಈಗಲೂ ಆಗ್ತಾ ಇದೆ. ಆದರೆ ನಿಮ್ಮಲ್ಲಿ ತುಂಬಾ ಜನ ಮನೆಯ ಮದುವೆ, ಉಪನಯನ, ಟ್ರೆಕ್ಕು ಅಂತ ವಿಡಿಯೊ ಎಡಿಟ್ ಮಾಡೋರೇ ಇದ್ದೀರಿ. ನಿಮ್ಮಲ್ಲೊಬ್ಬರಾದರೂ ಇದನ್ನ ಓದಿ ಇವತ್ತು ರಾತ್ರಿ ಎದ್ದು ಹಾರ್ಡ್ ಡಿಸ್ಕ್ ಹುಡುಕಿದರೆ ಸಾಕು ಅಂದುಕೊಂಡು ಬರೀತಿದೀನಿ.

ನಾನು ಹೊಟ್ಟೆಪಾಡಿಗೆ ಸಾಫ್ಟ್‌ವೇರ್ ಇಂಜಿನಿಯರ್ ಅನ್ನೋದು ನಿಮಗೆ ಗೊತ್ತು. ದಿನವಿಡೀ ಗಿಟ್ ಮುಂದೆ ಕೂತಿರ್ತೀನಿ. ಯಾವ ಸಾಲನ್ನ ಯಾರು ಯಾವತ್ತು ಯಾಕೆ ಬದಲಾಯಿಸಿದರು ಅಂತ ಮೂರು ವರ್ಷ ಹಿಂದಕ್ಕೆ ಹೋಗಿ ಹೇಳಬಲ್ಲೆ. ಹೊಸದಾಗಿ ಸೇರಿದ ಹುಡುಗರಿಗೆ ಬ್ಯಾಕಪ್ ಬಗ್ಗೆ ಅರ್ಧ ಗಂಟೆ ಭಾಷಣ ಕೊಡೋನೂ ನಾನೇ. ಅಂಥ ನಾನು ಮನೆಗೆ ಬಂದು ಏನು ಮಾಡ್ತಿದ್ದೆ ಅನ್ನೋದು ಈ ಕಥೆ.

2023ರ ಫೆಬ್ರವರಿ. ಊರಲ್ಲಿ, ಅಂದರೆ ಶಿರಸಿ ಹತ್ತಿರದ ನಮ್ಮ ಹಳ್ಳಿಯಲ್ಲಿ, ಆಲೆಮನೆ. ಆಫೀಸಿನ ಗೆಳೆಯನ ಹತ್ತಿರ ಒಂದು ಒಳ್ಳೇ ಕ್ಯಾಮೆರಾ ಇತ್ತು, ಹಲ್ಲು ಗಿಂಜಿ ಎರಡು ದಿನಕ್ಕೆ ಅಂತ ಇಸಕೊಂಡು ಹೋಗಿದ್ದೆ. ಮೊದಲನೇ ದಿನ ಗಾಣ, ಕೊಪ್ಪರಿಗೆ, ನೊರೆ, ಹಬೆ, ಜೋನಿ ಬೆಲ್ಲ ಇಳಿಸೋದು, ಹಾಲು ಕುಡಿಯೋಕೆ ಬಂದ ಊರವರ ಪಟ್ಟಾಂಗ. (ಕಬ್ಬಿನ ಹಾಲು ಮಾರಾಯ್ರೆ, ಬೆಂಗಳೂರಿನವರು ಪ್ಯಾಕೆಟ್ ಅಂದುಕೊಳ್ಳಬೇಡಿ.) ಎರಡನೇ ದಿನ ಪೂರ್ತಿ ಅಜ್ಜಿ. ಒಲೆ ಮೇಲೆ ಗಡಿಗೆ ಬೋರಲು ಹಾಕಿಕೊಂಡು ಅಜ್ಜಿ ತೊಡದೇವು ಮಾಡಿದ್ದು. ಗೊತ್ತಿಲ್ಲದವರಿಗೆ ಹೇಳ್ತೀನಿ: ಅಕ್ಕಿ ಹಿಟ್ಟು, ಕಬ್ಬಿನ ಹಾಲು ಸೇರಿಸಿ ತೆಳ್ಳಗೆ ಮಾಡಿಕೊಂಡ ಹಿಟ್ಟನ್ನ, ಬೋರಲು ಹಾಕಿದ ಬಿಸಿ ಗಡಿಗೆಯ ಬೆನ್ನ ಮೇಲೆ ಬಟ್ಟೆಯಲ್ಲಿ ಒಂದೇ ಸಲ ಸವರಬೇಕು. ಕಾಗದಕ್ಕಿಂತ ತೆಳು ಏಳುತ್ತೆ. ಒಂದು ಕ್ಷಣ ತಡ ಆದರೆ ಸೀದುಹೋಗುತ್ತೆ, ಒಂದು ಕ್ಷಣ ಮೊದಲಾದರೆ ಹರಿಯುತ್ತೆ. ನಮ್ಮಮ್ಮನಿಗೇ ಅದು ಪೂರ್ತಿ ಬಗ್ಗಲಿಲ್ಲ. ಅಜ್ಜಿ ಸವರುತ್ತಾ ಮಾತಾಡಿದಳು, ನಡುವೆ ಹಾಡಿದಳು, ನನಗೆ ಬೈದಳು. ಎಲ್ಲಾ ಸೇರಿ ಸುಮಾರು ಮುಕ್ಕಾಲು ಗಂಟೆ.

ಇಲ್ಲೇ ಮೊದಲನೇ ತಪ್ಪು. ನನ್ನ ಹತ್ತಿರ ಇದ್ದದ್ದು ಒಂದೇ ಒಂದು 64 ಜಿಬಿ ಕಾರ್ಡು. 4ಕೆ ಅಂದರೆ, ನಾನಿಟ್ಟಿದ್ದ ಸೆಟ್ಟಿಂಗ್‌ನಲ್ಲಿ ಸೆಕೆಂಡಿಗೆ 100 ಮೆಗಾಬಿಟ್, ನಿಮಿಷಕ್ಕೆ ಮುಕ್ಕಾಲು ಜಿಬಿ. ಎರಡು ದಿನದ್ದು ಒಂದೇ ಕಾರ್ಡಲ್ಲಿ ಹಿಡಿಸೋ ಹಾಗಿರಲಿಲ್ಲ. ಹಾಗಾಗಿ ಮೊದಲ ದಿನ ರಾತ್ರಿ ಎಲ್ಲವನ್ನೂ ಎಕ್ಸ್‌ಟರ್ನಲ್ ಡಿಸ್ಕಿಗೆ ಹಾಕಿ ಕಾರ್ಡ್ ಫಾರ್ಮ್ಯಾಟ್ ಮಾಡಿದೆ. ಆ ಫೋಲ್ಡರಿಗೆ 'ಶಿರಸಿ' ಅಂತ ಹೆಸರು. ಎರಡನೇ ದಿನದ್ದನ್ನ, ಕಾರ್ಡಿನಿಂದ ಕಾಪಿ ಮಾಡಿದ್ದು ಅನ್ನೋ ಅರ್ಥದಲ್ಲಿ, 'ಶಿರಸಿ ಕಾಪಿ' ಅಂತ ಇಟ್ಟೆ. ಯಾಕೆ ಹಾಗಿಟ್ಟೆ ಅಂತ ಕೇಳಬೇಡಿ. ರಾತ್ರಿ ಹನ್ನೊಂದೂವರೆ, ಹೊಟ್ಟೆ ತುಂಬಾ ತೊಡದೇವು.

ಕಾರ್ಡ್ ಫಾರ್ಮ್ಯಾಟ್ ಆದ ಕೂಡಲೇ ಆ ಕ್ಯಾಮೆರಾ ಲೆಕ್ಕವನ್ನ ಮತ್ತೆ ಒಂದರಿಂದ ಶುರು ಮಾಡಿತ್ತು. 'ಶಿರಸಿ'ಯಲ್ಲಿ ಸಿ0001ರಿಂದ ಸಿ0021. 'ಶಿರಸಿ ಕಾಪಿ'ಯಲ್ಲಿ ಸಿ0001ರಿಂದ ಸಿ0019. ಒಂದರಲ್ಲಿ ಕೊಪ್ಪರಿಗೆ, ಇನ್ನೊಂದರಲ್ಲಿ ಅಜ್ಜಿ. ಹೆಸರು ಮಾತ್ರ ಒಂದೇ.

ಬೆಂಗಳೂರಿಗೆ ಬಂದು ಕೆಡೆನ್‌ಲೈವ್‌ನಲ್ಲಿ ಎಡಿಟಿಂಗ್ ಶುರು ಮಾಡಿದೆ. ನನ್ನ ಹಳೇ ಲ್ಯಾಪ್‌ಟಾಪಿಗೆ 4ಕೆ ಎಳೆಯೋ ತಾಕತ್ತಿರಲಿಲ್ಲ, ಅಜ್ಜಿ ಸೌಟು ಎತ್ತಿದರೆ ಇಳಿಸೋದು ಮೂರು ಸೆಕೆಂಡ್ ಆದಮೇಲೆ ಕಾಣ್ತಿತ್ತು. ಅದಕ್ಕೆ ಭಾರದ ಕೆಲವು ಕ್ಲಿಪ್ಪುಗಳಿಗೆ ಪ್ರಾಕ್ಸಿ ಮಾಡಿಕೊಂಡೆ. ಪ್ರಾಕ್ಸಿ ಅಂದರೆ ಅದೇ ಕ್ಲಿಪ್ಪಿನ ಸಣ್ಣ ಗಾತ್ರದ ನಕಲು. ಎಡಿಟ್ ಮಾಡುವಾಗ ಅದನ್ನ ತೋರಿಸಿ, ಕೊನೆಗೆ ವಿಡಿಯೊ ಹೊರಗೆ ತೆಗೆಯುವಾಗ ಅಸಲಿಯನ್ನ ಬಳಸುತ್ತೆ. ಈ ಪ್ರಾಕ್ಸಿ ವಿಷಯ ನೆನಪಿಟ್ಟುಕೊಳ್ಳಿ, ಆಮೇಲೆ ಬರುತ್ತೆ.

ಆಮೇಲೆ ಶುರುವಾಯ್ತು ನೋಡಿ ನನ್ನ ಕಾಪಿ ಕಾಯಿಲೆ. ಹಾಡನ್ನ ಮೊದಲಿಗೆ ಹಾಕಬೇಕಾ, ಕೊನೆಗೆ ಹಾಕಬೇಕಾ? ಎರಡಕ್ಕೂ ಒಂದೊಂದು ಕಾಪಿ. ಬಣ್ಣ ತಿದ್ದೋ ಮೊದಲು ಒಂದು ಕಾಪಿ. ತಿದ್ದಿ ಹಾಳಾದಮೇಲೆ, ಹಾಳಾದದ್ದೂ ಇರಲಿ ಅಂತ ಒಂದು ಕಾಪಿ. 'ಅಜ್ಜಿ', 'ಅಜ್ಜಿ_2', 'ಅಜ್ಜಿ_ಫೈನಲ್', 'ಅಜ್ಜಿ_ಫೈನಲ್_ಹಾಡು ಮೊದಲು', 'ಅಜ್ಜಿ_ಫೈನಲ್_ಫೈನಲ್', 'ಅಜ್ಜಿ_ಫೈನಲ್_ಫೈನಲ್2'. ಎಣಿಸಿದರೆ ಹದಿನೇಳು. ಅಷ್ಟು ಸಾಲದು ಅಂತ ಆ ಹದಿನೇಳನ್ನೂ ಪೆನ್ ಡ್ರೈವಿಗೆ ಹಾಕಿದೆ, ಮೇಲ್‌ನಲ್ಲಿ ನನಗೆ ನಾನೇ ಕಳಿಸಿಕೊಂಡೆ, ಡ್ರೈವಿಗೆ ಏರಿಸಿದೆ. ನಾಲ್ಕು ಕಡೆ ಬ್ಯಾಕಪ್! ಎಂಥಾ ಶಿಸ್ತು ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

ಅಷ್ಟೂ ಫೈಲು ಸೇರಿ ಏಳೆಂಟು ಎಂಬಿ. ಅಲ್ಲೇ ತಲೆಗೆ ಹೊಳೀಬೇಕಿತ್ತು. 74 ಜಿಬಿ ವಿಡಿಯೊದ ಬ್ಯಾಕಪ್ ಮೇಲ್‌ನಲ್ಲಿ ಹೇಗೆ ಹೋಗುತ್ತೆ ಅಂತ ಮೂರನೇ ಕ್ಲಾಸಿನ ಹುಡುಗನೂ ಕೇಳ್ತಾನೆ. ಕೆಡೆನ್‌ಲೈವ್‌ನ ಪ್ರಾಜೆಕ್ಟ್ ಫೈಲಿನಲ್ಲಿ ವಿಡಿಯೊದ ಒಂದು ಚೌಕಟ್ಟೂ ಇರಲ್ಲ. ಅದೊಂದು ಎಕ್ಸ್‌ಎಂಎಲ್, ಬರೀ ಅಕ್ಷರ. ಇಂಥಾ ಡಿಸ್ಕಿನ ಇಂಥಾ ಫೋಲ್ಡರಿನಲ್ಲಿರೋ ಇಂಥಾ ಫೈಲನ್ನ ಇಷ್ಟನೇ ಫ್ರೇಮಿನಿಂದ ಇಷ್ಟನೇ ಫ್ರೇಮಿನವರೆಗೆ ತೋರಿಸು ಅನ್ನೋ ಚೀಟಿ ಅದು, ಅಷ್ಟೇ. ಕೆಡೆನ್‌ಲೈವ್ ಒಂದೇ ಅಂತಲ್ಲ, ಪ್ರೀಮಿಯರ್‌ದೂ ಹಾಗೇ. ಡಾವಿಂಚಿ ರಿಸಾಲ್ವ್‌ನಲ್ಲಿ ಪ್ರಾಜೆಕ್ಟು ಅದರ ಡೇಟಾಬೇಸ್ ಒಳಗಿರುತ್ತೆ, ಅದನ್ನ ಹೊರಗೆ ತೆಗೆದು ಫೈಲ್ ಮಾಡಿದರೂ ಆ ಫೈಲಿನಲ್ಲಿ ವಿಡಿಯೊ ಬರಲ್ಲ. ನಾನು ತೋಟದ ನಕ್ಷೆಯನ್ನ ಹದಿನೇಳು ಸಲ ಝೆರಾಕ್ಸ್ ಮಾಡಿಸಿ ಕಪಾಟಿನಲ್ಲಿ ಭದ್ರವಾಗಿಟ್ಟಿದ್ದೆ. ತೋಟಕ್ಕೆ ಬೇಲಿ ಇರಲಿಲ್ಲ.

ಇದೆಲ್ಲಾ ಗೊತ್ತಿರಲಿಲ್ವಾ? ಗೊತ್ತಿತ್ತು ಕಣ್ರೀ! ಅದೇ ಬೇಜಾರು. ಕೇಳಿದ್ದರೆ ಬೋರ್ಡ್ ಮೇಲೆ ಬಾಣ ಬರೆದು ವಿವರಿಸ್ತಿದ್ದೆ.

ಈ ಮಧ್ಯೆ ಊರಿಗೆ ಫೋನ್ ಮಾಡಿದಾಗಲೆಲ್ಲಾ ಅಜ್ಜಿ "ಆತನ ತಮಾ?" ಅಂತ ಕೇಳ್ತಿದ್ದಳು. ಆಯ್ತಾ ಅಂತ. ಇನ್ನೊಂದು ಸ್ವಲ್ಪ ಇದೆ ಅಜ್ಜಿ ಅಂತಿದ್ದೆ. "ಅಡ್ಡಿಲ್ಲೆ" ಅಂದು ಫೋನನ್ನ ಅಮ್ಮನ ಕೈಗೆ ಕೊಡ್ತಿದ್ದಳು. ನಿಜ ಹೇಳಬೇಕಂದ್ರೆ ಏಪ್ರಿಲ್ ಹೊತ್ತಿಗೇ ಅದು ಮುಗಿದಿತ್ತು. ಆರನೇ ಕಾಪಿಯನ್ನೇ ಹೊರಗೆ ತೆಗೆದು ಟಿವಿಗೆ ಹಾಕಿದ್ದರೆ ಅಜ್ಜಿ ನೋಡಿ ಖುಷಿಪಡ್ತಿದ್ದಳು. ಅವಳಿಗೆ ಬಣ್ಣ ತಿದ್ದಿದ್ದು, ಹಾಡು ಎಲ್ಲಿ ಬರಬೇಕು ಅನ್ನೋದೆಲ್ಲಾ ಬೇಕಿತ್ತಾ? ಹಿಂದಿನದಕ್ಕೆ ಯಾವಾಗ ಬೇಕಾದರೂ ಹೋಗಬಹುದು ಅಂತ ಗೊತ್ತಿದ್ದರೆ ಮನುಷ್ಯ ಏನನ್ನೂ ಮುಗಿಸೋದೇ ಇಲ್ಲ ಅಂತ ಕಾಣುತ್ತೆ, ಕೊನೇಪಕ್ಷ ನಾನಂತೂ.

ಡಿಸೆಂಬರ್‌ನಲ್ಲಿ ಗೆಳೆಯರ ಜೊತೆ ಕುಮಾರಪರ್ವತ ಹತ್ತಿ ಬಂದೆ. ಭಾನುವಾರ ರಾತ್ರಿ, ಕಾಲು ಎತ್ತಿಡೋಕಾಗ್ತಿಲ್ಲ, ಟ್ರೆಕ್ಕಿನ ವಿಡಿಯೊ ಹಾಕೋಣ ಅಂದರೆ ಒಂದು ಟಿಬಿ ಡಿಸ್ಕು ಭರ್ತಿ. ಏನಾದರೂ ಅಳಿಸಬೇಕು. ಟರ್ಮಿನಲ್‌ನಲ್ಲಿ ನೋಡಿದರೆ 'ಶಿರಸಿ' ಮತ್ತು 'ಶಿರಸಿ ಕಾಪಿ'. ಒಂದು 38 ಜಿಬಿ, ಇನ್ನೊಂದು 36. ಒಳಗಿನ ಹೆಸರು ನೋಡಿದೆ, ಎಲ್ಲಾ ಅವೇ. ಎರಡು ಫೈಲು ಕಡಿಮೆ ಇದೆ, ಕಾಪಿ ಆಗುವಾಗ ಅರ್ಧಕ್ಕೆ ನಿಂತಿರಬೇಕು ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಒಂದೇ ಒಂದು ಫೈಲ್ ತೆರೆದು ನೋಡಿದ್ದರೆ... ತೆರೀಲಿಲ್ಲ. ಆರ್‌ಎಂ ಹೊಡೆದೆ. ಟರ್ಮಿನಲ್‌ನಲ್ಲಿ ಅಳಿಸಿದ್ದು ಕಸದ ಬುಟ್ಟಿಗೂ ಹೋಗಲ್ಲ, ನೇರ ಹೋಗೇಬಿಡುತ್ತೆ. ಆ ಜಾಗಕ್ಕೆ ಆಗಲೇ ಟ್ರೆಕ್ಕಿನ ವಿಡಿಯೊ ಸುರಿದು, ಜಾಗ ಉಳಿಸಿದ ಸಂತೋಷದಲ್ಲಿ ಮಲಗಿದೆ.

2024ರ ಆಗಸ್ಟ್‌ನಲ್ಲಿ ಅಜ್ಜಿ ಹೋದಳು. ಜೋರು ಮಳೆ, ಊರಿಗೆ ಕರೆಂಟಿರಲಿಲ್ಲ. ಅದರ ಬಗ್ಗೆ ಇಲ್ಲಿ ಬರೆಯಲ್ಲ.

ಆಮೇಲೆ ಆ ಪ್ರಾಜೆಕ್ಟನ್ನ ತೆರೆಯೋ ಮನಸ್ಸಾಗಲಿಲ್ಲ. ಇದೆಯಲ್ಲ, ಯಾವಾಗಲಾದರೂ ನೋಡಿದರಾಯ್ತು ಅನ್ನೋ ಧೈರ್ಯ ಬೇರೆ. 2025ರಲ್ಲಿ ವರ್ಷದ ತಿಥಿಗೆ ಎರಡು ತಿಂಗಳಿರುವಾಗ ಅಮ್ಮ ಫೋನ್ ಮಾಡಿ, ಎಲ್ಲರೂ ಬರ್ತಾರೆ, ಅತ್ತೆಯ ಆ ವಿಡಿಯೊ ಹಾಕೋಣ ತಮಾ ಅಂದಳು. ಹೂಂ ಅಂದೆ. ಹೊಸ ಲ್ಯಾಪ್‌ಟಾಪ್, ಹೊಸ ಕೆಡೆನ್‌ಲೈವ್, 'ಅಜ್ಜಿ_ಫೈನಲ್_ಫೈನಲ್2' ತೆರೆದೆ. ಹತ್ತೊಂಬತ್ತು ಕ್ಲಿಪ್ಪು ಕಾಣಿಸ್ತಿಲ್ಲ ಅಂತು. ಹಿಂದಿನ ಕಾಪಿ ತೆರೆದೆ. ಹತ್ತೊಂಬತ್ತು. ಅದರ ಹಿಂದಿನದು, ಅದರ ಹಿಂದಿನದು... ಒಂದೊಂದಾಗಿ ಹದಿನೇಳನ್ನೂ ತೆರೆದೆ. ಮೊದಲನೆಯದರಲ್ಲಾದರೂ ಇರಬಹುದು ಅಂತ! ಇಂಜಿನಿಯರಿಂಗ್ ಡಿಗ್ರಿ ಇರೋನು ಹಾಗೆ ಅಂದುಕೊಂಡ ಅಂತ ಯಾರಿಗೂ ಹೇಳಬೇಡಿ. ಕೊಪ್ಪರಿಗೆಯ ಹಬೆ ಮಾತ್ರ ಐವತ್ತು ನಿಮಿಷ ಇತ್ತು, ಸ್ಫಟಿಕದ ಹಾಗೆ, 4ಕೆಯಲ್ಲಿ.

ಅಳಿಸಿದ್ದನ್ನ ತೆಗೆಯೋಕೆ ಫೋಟೋರೆಕ್ ಅಂತ ಒಂದು ಉಚಿತ ತಂತ್ರಾಂಶ ಇದೆ. ಎರಡು ರಾತ್ರಿ ಓಡಿಸಿದೆ. ಡಿಸ್ಕಿನ ಮೇಲೆ ಒಂದೂವರೆ ವರ್ಷ ಏನೇನೋ ಬರೆದಾಗಿತ್ತು, ಸಿಕ್ಕಿದ್ದು ಬರೀ ಚೂರು, ಒಂದೂ ಓಡಲಿಲ್ಲ.

ಮೂರನೇ ದಿನ ಸುಮ್ಮನೆ ಆ ಪ್ರಾಜೆಕ್ಟ್ ಫೈಲನ್ನ ಟೆಕ್ಸ್ಟ್ ಎಡಿಟರ್‌ನಲ್ಲಿ ತೆರೆದು ನೋಡ್ತಾ ಕೂತಿದ್ದೆ. ಆಗ ಒಂದು ವಿಷಯ ಕಣ್ಣಿಗೆ ಬಿತ್ತು. ಪ್ರತಿ ಕ್ಲಿಪ್ಪಿನ ಹೆಸರಿನ ಜೊತೆ ಅದರ ಗಾತ್ರ ಮತ್ತು ಒಂದು ಹ್ಯಾಶ್ ಇರುತ್ತೆ. ಹ್ಯಾಶ್ ಅಂದರೆ ಫೈಲಿನ ಹೆಬ್ಬೆಟ್ಟಿನ ಗುರುತು ಅಂದುಕೊಳ್ಳಿ. ದೊಡ್ಡ ಫೈಲಾದರೆ ಕೆಡೆನ್‌ಲೈವ್ ಅದರ ಮೊದಲ ಹತ್ತು ಲಕ್ಷ ಬೈಟು, ಕೊನೆಯ ಹತ್ತು ಲಕ್ಷ ಬೈಟು ಸೇರಿಸಿ ಎಂಡಿ5 ಲೆಕ್ಕ ಹಾಕಿ ಬರೆದಿಟ್ಟುಕೊಳ್ಳುತ್ತೆ. ಫೈಲು ಎಲ್ಲೇ ಇರಲಿ, ಹೆಸರು ಏನೇ ಇರಲಿ, ಹೆಬ್ಬೆಟ್ಟು ಬದಲಾಗಲ್ಲ. ಅಂದರೆ ನನ್ನ ಹತ್ತಿರ ಅಜ್ಜಿ ಇರಲಿಲ್ಲ, ಆದರೆ ಅವಳನ್ನ ಗುರುತು ಹಿಡಿಯೋದು ಹೇಗೆ ಅನ್ನೋದು ಹದಿನೇಳು ಪ್ರತಿ ಇತ್ತು.

ಇಪ್ಪತ್ತೈದು ಸಾಲಿನ ಪೈಥಾನ್ ಸ್ಕ್ರಿಪ್ಟ್ ಬರೆದೆ. ಕೊಟ್ಟ ಡಿಸ್ಕಿನಲ್ಲಿರೋ ಪ್ರತಿ ಫೈಲಿನ ಹೆಬ್ಬೆಟ್ಟು ತೆಗೆದು ಈ ಹತ್ತೊಂಬತ್ತರ ಜೊತೆ ಹೋಲಿಸೋದು. (ಒಂದೇ ಫೋಲ್ಡರಿನಲ್ಲಿ ಹುಡುಕೋದಾದರೆ ಕೆಡೆನ್‌ಲೈವ್‌ನಲ್ಲೇ ಆ ಸೌಲಭ್ಯ ಇದೆ, ಸ್ಕ್ರಿಪ್ಟ್ ಬೇಕಿಲ್ಲ. ನನಗೆ ಹುಡುಕಬೇಕಾಗಿದ್ದು ಇಡೀ ಬಂಧುಬಳಗ.) ಅಲ್ಲಿಂದ ಶುರುವಾಯ್ತು ನನ್ನ ಭಿಕ್ಷಾಟನೆ. ಕ್ಯಾಮೆರಾ ಕೊಟ್ಟ ಗೆಳೆಯನ ಕಾರ್ಡು, ಚಿಕ್ಕಪ್ಪನ ಕಂಪ್ಯೂಟರು, ಅತ್ತೆ ಮಗನ ಹಾರ್ಡ್ ಡಿಸ್ಕು. ಎಲ್ಲೂ ಇಲ್ಲ.

ಮೊದಲು ಸಿಕ್ಕಿದ್ದು ಹುಬ್ಬಳ್ಳಿಯಲ್ಲಿ. ಭಾವ 2023ರಲ್ಲಿ ಹೊಸ ಟಿವಿ ತಗೊಂಡಿದ್ದ. 4ಕೆ ಹೇಗೆ ಕಾಣುತ್ತೆ ನೋಡೋಣ ಅಂತ ಊರಿಗೆ ಬಂದಾಗ ನನ್ನ ಡಿಸ್ಕಿನಿಂದ ನಾಲ್ಕು ಕ್ಲಿಪ್ಪನ್ನ ಪೆನ್ ಡ್ರೈವಿಗೆ ಹಾಕಿಕೊಂಡು ಹೋಗಿದ್ದನಂತೆ. ನನಗೆ ನೆನಪೇ ಇಲ್ಲ. "ಎಂತ ಭಾವಯ್ಯ, ಟಿವಿ ಹಿಂದೆ ಸಿಕ್ಕಿಸಿದ್ದು ಹಾಗೇ ಇದೆ, ತೆಗೆದೇ ಇಲ್ಲ" ಅಂದ. ಅವನ ಸೋಮಾರಿತನಕ್ಕೆ ದೊಡ್ಡ ನಮಸ್ಕಾರ. ನಾಲ್ಕಕ್ಕೆ ನಾಲ್ಕೂ ಹೆಬ್ಬೆಟ್ಟು ಹೊಂದಿತು.

ಪಿಕ್ಸಾರ್‌ನವರ ಕಥೆ ನೀವು ಕೇಳಿರಬಹುದು. 1998ರಲ್ಲಿ 'ಟಾಯ್ ಸ್ಟೋರಿ 2' ತಯಾರಾಗ್ತಿದ್ದಾಗ ಯಾರೋ ಹೀಗೇ ಒಂದು ಆರ್‌ಎಂ ಹೊಡೆದು ಸಿನಿಮಾದ ಬಹುಭಾಗ ಅಳಿಸಿಹೋಯ್ತು. ಬ್ಯಾಕಪ್ ನೋಡಿದರೆ ಅದೂ ಸರಿಯಾಗಿ ಕೆಲಸ ಮಾಡ್ತಿರಲಿಲ್ಲ, ಯಾರೂ ಪರೀಕ್ಷಿಸಿರಲಿಲ್ಲ. ಕೊನೆಗೆ ಉಳಿಸಿದ್ದು ಗ್ಯಾಲಿನ್ ಸಸ್ಮನ್ ಅನ್ನೋ ಟೆಕ್ನಿಕಲ್ ಡೈರೆಕ್ಟರ್. ಆಕೆಗೆ ಆಗಷ್ಟೇ ಮಗುವಾಗಿ ಮನೆಯಿಂದ ಕೆಲಸ ಮಾಡ್ತಿದ್ದರು, ಹಾಗಾಗಿ ಮನೆಯ ಕಂಪ್ಯೂಟರಿನಲ್ಲಿ ಒಂದು ಪ್ರತಿ ಇತ್ತು. ಆ ಕಂಪ್ಯೂಟರಿಗೆ ಕಂಬಳಿ ಸುತ್ತಿ ಕಾರಿನಲ್ಲಿ ಆಫೀಸಿಗೆ ತಂದರಂತೆ. ಅಷ್ಟು ದೊಡ್ಡ ಸ್ಟುಡಿಯೊಗೆ ಒಂದು ಬಾಣಂತಿ ಮನೆ, ನನಗೆ ಭಾವನ ಟಿವಿಯ ಹಿಂಭಾಗ. ಆ ಪೆನ್ ಡ್ರೈವನ್ನ ಹುಬ್ಬಳ್ಳಿಯಿಂದ ತರುವಾಗ ನಾನೂ ಕರ್ಚೀಫಿನಲ್ಲಿ ಸುತ್ತಿಕೊಂಡೇ ಬಂದೆ :-)

ಇನ್ನೊಂದು ಸಿಕ್ಕಿದ್ದು ಚಿಕ್ಕಪ್ಪನ ಮಗಳ ಫೋನಿನಲ್ಲಿ. ಅಜ್ಜಿ ಹಾಡೋದನ್ನ ವಾಟ್ಸ್ಯಾಪ್‌ನಲ್ಲಿ ಎಲ್ಲರಿಗೂ ಕಳಿಸಿದ್ದಳು. ವಾಟ್ಸ್ಯಾಪ್ ವಿಡಿಯೊವನ್ನ ಹಿಂಡಿ ಹಿಪ್ಪೆ ಮಾಡಿ ಕಳಿಸೋದರಿಂದ ಹೆಬ್ಬೆಟ್ಟು ಹೊಂದಲಿಲ್ಲ, ಸ್ಕ್ರಿಪ್ಟು ಇಲ್ಲ ಅಂತು. ಕಿವಿಗೆ ಗೊತ್ತಾಯ್ತು.

ಉಳಿದದ್ದು ಹದಿನಾಲ್ಕು. ಬೇರೆ ಇನ್ಯಾವ ಡಿಸ್ಕೂ ಉಳಿದಿರಲಿಲ್ಲ. ರಾತ್ರಿ ಸ್ನಾನ ಮಾಡುವಾಗ ಹೊಳೀತು - ಪ್ರಾಕ್ಸಿ! ಪ್ರಾಕ್ಸಿ ಮಾಡಿದ್ದು ಹಳೇ ಲ್ಯಾಪ್‌ಟಾಪಿನಲ್ಲಿ. ಅವು ಎಕ್ಸ್‌ಟರ್ನಲ್ ಡಿಸ್ಕಿನಲ್ಲಿ ಇರಲ್ಲ, ಲ್ಯಾಪ್‌ಟಾಪಿನ ಒಳಗೆ ಕ್ಯಾಶ್ ಫೋಲ್ಡರಿನಲ್ಲಿ ಕೂತಿರ್ತವೆ. ಫೈಲಿನ ಹೆಸರೇ ಆ ಹೆಬ್ಬೆಟ್ಟು. ಆ ಲ್ಯಾಪ್‌ಟಾಪು ಊರಲ್ಲಿ ಅಪ್ಪನ ಹತ್ತಿರ ಇತ್ತು, ಅಡಿಕೆ ರೇಟು, ಯೂಟ್ಯೂಬಲ್ಲಿ ಯಕ್ಷಗಾನ ನೋಡೋಕೆ. ಅಪ್ಪನಿಗೆ ಫೋನ್ ಮಾಡಿ, ಲ್ಯಾಪ್‌ಟಾಪ್ ಮುಟ್ಟಬೇಡ, ಆಫ್ ಮಾಡಿ ಎತ್ತಿಡು ಅಂದೆ. ಸ್ಲೋ ಆಗಿದೆ ಅಂತ ಪೇಟೆಯ ಅಂಗಡಿಗೆ ಕೊಟ್ಟು ಪೂರ್ತಿ ಕ್ಲೀನ್ ಮಾಡಿಸಬೇಕು ಅಂತ ಮಾಡಿದ್ದೆ, ನಾಳೆ ಹೋಗೋನಿದ್ದೆ ಅಂದ. ಆ ರಾತ್ರಿಯೇ ಬಸ್ಸು ಹತ್ತಿದೆ.

ಹತ್ತು ಇದ್ದವು. 640 ಪಿಕ್ಸೆಲ್ ಅಗಲದ ಹತ್ತು ಪುಟಾಣಿ ಅಜ್ಜಿಯರು. 3840 ಅಗಲದ ಅಸಲಿಗೆ ಹೋಲಿಸಿದರೆ ಮೂವತ್ತಾರರಲ್ಲಿ ಒಂದು ಪಾಲು. ಆದರೆ ಪ್ರಾಕ್ಸಿಯಲ್ಲಿ ಕುಗ್ಗಿಸಿದ್ದು ಚಿತ್ರವನ್ನ. ದನಿ ಇತ್ತು, ಪೂರ್ತಿ ಇತ್ತು. ಗಡಿಗೆ ಮೇಲೆ ಬಟ್ಟೆ ಸರಿಯೋ ಸುಂಯ್ ಅನ್ನೋದೂ ಇತ್ತು. ಅಪ್ಪ ಹಿಂದೆ ನಿಂತಿದ್ದ, ಏನೂ ಮಾತಾಡಲಿಲ್ಲ, ಸ್ವಲ್ಪ ಹೊತ್ತಾದಮೇಲೆ ಕೊಟ್ಟಿಗೆ ಕಡೆ ಹೋದ.

ನಾಲ್ಕು ಸಿಗಲೇ ಇಲ್ಲ. ಆ ನಾಲ್ಕಕ್ಕೆ ನಾನು ಪ್ರಾಕ್ಸಿ ಮಾಡಿರಲಿಲ್ಲ, ಸಣ್ಣ ಕ್ಲಿಪ್ಪು, ಏನು ಅವಶ್ಯಕತೆ ಅಂತ.

ಈಗ ನಾನು ಮಾಡ್ತಿರೋದನ್ನ ಹೇಳಿಬಿಡ್ತೀನಿ, ಕೇಳ್ತೀರಿ ಅಂತ ಗೊತ್ತು. ಕಾರ್ಡಿನಿಂದ ಇಳಿಸಿದ್ದಕ್ಕೆಲ್ಲಾ ಫೋಲ್ಡರಿನ ಹೆಸರು ತಾರೀಖು ಮತ್ತು ಎಷ್ಟನೇ ಕಾರ್ಡು ಅನ್ನೋದು, 'ಕಾಪಿ' ಅನ್ನೋ ಪದ ನಿಷಿದ್ಧ. ಇಳಿಸಿದ ಕೂಡಲೇ ಎಲ್ಲಾ ಫೈಲಿನ ಚೆಕ್‌ಸಮ್ ತೆಗೆದು ಒಂದು ಪಟ್ಟಿ ಅಲ್ಲೇ ಇಡ್ತೀನಿ. ಎರಡು ಫೋಲ್ಡರು ಒಂದೇನಾ ಅಂತ ಆ ಪಟ್ಟಿಯನ್ನ ಕೇಳ್ತೀನಿ, ಹೆಸರನ್ನಲ್ಲ. ಪೀಟರ್ ಕ್ರೋ ಅನ್ನೋ ಫೋಟೋಗ್ರಾಫರ್ ಹೇಳಿದ 3-2-1 ಲೆಕ್ಕ ಇದೆಯಲ್ಲ - ಮೂರು ಪ್ರತಿ, ಎರಡು ಬೇರೆ ಬೇರೆ ಬಗೆಯ ಸಾಧನದಲ್ಲಿ, ಒಂದು ಮನೆಯಿಂದ ಹೊರಗೆ - ನನ್ನದು ಒಂದು ಬೆಂಗಳೂರಿನ ಡಿಸ್ಕಲ್ಲಿ, ಒಂದು ಕ್ಲೌಡಿನಲ್ಲಿ, ಒಂದು ಊರಿನ ಕಪಾಟಿನಲ್ಲಿ ಬೆಳ್ಳಿ ಲೋಟದ ಪಕ್ಕ. ಪ್ರಾಜೆಕ್ಟ್ ಫೈಲಿಗೆ ಹತ್ತು ಹೆಸರು ಕೊಡೋದು ಬಿಟ್ಟೆ. ಫೈಲು ಒಂದೇ, ಗಿಟ್‌ನಲ್ಲಿ. ಮುಗಿದಮೇಲೆ ಕೆಡೆನ್‌ಲೈವ್‌ನಲ್ಲೇ ಪ್ರಾಜೆಕ್ಟನ್ನ ಆರ್ಕೈವ್ ಮಾಡೋ ಸೌಲಭ್ಯ ಇದೆ, ಚೀಟಿ ಮತ್ತು ವಿಡಿಯೊ ಎರಡನ್ನೂ ಒಂದೇ ಕಡೆ ಕಟ್ಟಿ ಕೊಡುತ್ತೆ. ಅದು ಆಗಲೂ ಮೆನುವಿನಲ್ಲೇ ಇತ್ತು. ಮತ್ತೆ, ದಣಿದು ಬಂದ ರಾತ್ರಿ ಏನನ್ನೂ ಅಳಿಸಲ್ಲ.

ತಿಥಿ ದಿನ ಊಟ ಆದಮೇಲೆ ಹಾಕಿದೆವು. ಜಗಲಿ ತುಂಬಾ ಜನ. ಮೊದಲು ಭಾವನ ನಾಲ್ಕು ಕ್ಲಿಪ್ಪು ಬಂತು, ಅಜ್ಜಿಯ ಕೈ ಮೇಲಿನ ನರ ಎಣಿಸಬಹುದು. ಆಮೇಲೆ ಪ್ರಾಕ್ಸಿ ಶುರುವಾಗಿ ಚಿತ್ರ ಮಂಜಾಯ್ತು. ದೊಡ್ಡಪ್ಪ ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಿ ಹಾಕಿಕೊಂಡರು. ಮತ್ತೆ ತೆಗೆದು ಒರೆಸಿದರು. ಯಾಕೆ ಹೀಗೆ ಅಂತ ಯಾರಾದರೂ ಕೇಳ್ತಾರೆ ಅಂತ ಎದೆ ಹೊಡ್ಕೊಳ್ತಿತ್ತು, ಯಾರೂ ಕೇಳಲಿಲ್ಲ. ಅಜ್ಜಿ ಹಾಡುವಾಗ ಹಿಂದೆ ಕೂತ ಹೆಂಗಸರು ಸಣ್ಣಗೆ ದನಿ ಸೇರಿಸಿದರು.

ಅಮ್ಮನಿಗೆ ಮಾತ್ರ ರಾತ್ರಿ ಎಲ್ಲಾ ಹೇಳಿದೆ. ಸಿಗದೇ ಹೋದ ನಾಲ್ಕರಲ್ಲಿ ಏನಿತ್ತು ಅಂತ ಕೇಳಿದಳು. ಅದನ್ನೂ ಪ್ರಾಜೆಕ್ಟ್ ಫೈಲೇ ಹೇಳಿತು. ಎಡಿಟ್ ಮಾಡುವಾಗ ಕ್ಲಿಪ್ಪಿನ ಮೇಲೆ ಗುರುತು ಹಾಕಿ ಟಿಪ್ಪಣಿ ಬರೆಯಬಹುದು, ಅದು ವಿಡಿಯೊದಲ್ಲಿ ಅಲ್ಲ, ಆ ಚೀಟಿಯಲ್ಲೇ ಉಳಿಯುತ್ತೆ. ಓದಿ ಹೇಳಿದೆ. ಸಿ0006: ಬೆಂಕಿ ಊದೋದು. ಸಿ0011: ಮೊದಲನೇದು ಹರಿದುಹೋಯ್ತು, ನಗು. ಸಿ0014: ಮದುವೆಯಾಗಿ ಬಂದ ವರ್ಷದ ಮಾತು, ಉದ್ದ ಆಯ್ತು, ಬೇಡ. ಸಿ0019: ಕ್ಯಾಮೆರಾ ಆಫ್ ಮಾಡೋಕೆ ಹೇಳ್ತಾಳೆ, ಕಟ್.

ಮದುವೆಯಾಗಿ ಬಂದ ವರ್ಷ ಏನಾಗಿತ್ತಂತೆ ಅಂದಳು ಅಮ್ಮ. ನನಗೆ ನೆನಪಿರಲಿಲ್ಲ. ಕ್ಯಾಮೆರಾ ಹಿಂದೆ ನಿಂತು ಫೋಕಸ್ ಸರಿ ಇದೆಯಾ ಅಂತ ನೋಡ್ತಿದ್ದೆ.